ಕೇಳಿದರೂ ಕೊಡಬೇಡ

ಡನ್‌ಮೋರ್, ಮೊಂಟಾನಾ
೨೦ ನವೆಂಬರ್ ೨೦೨೨

ಪ್ರೀತಿಯ ಮಾರ್ಲಿಸ್ ಅಕ್ಕನಿಗೆ,

ನಿನ್ನ ತಂಗಿ ಸುಖವಾಗಿದ್ದಾಳೆ, ಬೈಗುಳ ಶುರು ಮಾಡಬೇಡ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು, ನಾಳೆ ಬರೆದರಾಯಿತು, ನಾಡಿದ್ದು ಬರೆದರಾಯಿತು ಅಂದುಕೊಳ್ಳುತ್ತ ಬೇಟೆಯ ಕಾಲ ಬಂದೇಬಿಟ್ಟಿತು. ಆಮೇಲೆ ಈ ಅಂಗಡಿಯಲ್ಲಿ ಮೂಗು ಒರೆಸಿಕೊಳ್ಳಲೂ ಪುರುಸೊತ್ತಿರುವುದಿಲ್ಲ ಅನ್ನುವುದು ನಿನಗೆ ಗೊತ್ತು. ಇವತ್ತು ಭಾನುವಾರ, ಹೊರಗೆ ಹಿಮ ಬೀಳುತ್ತಿದೆ, ಊರಿನ ಗಂಡಸರೆಲ್ಲ ಬೆಟ್ಟದಲ್ಲಿದ್ದಾರೆ. ಅದಕ್ಕೇ ಕೂತೆ.

ನಿನ್ನ ಕಿವಿ ಮಂದವಾದ ಮೇಲೆ ಫೋನು ನಮಗೆ ಶತ್ರುವಾಯಿತು. ನಾನು ಇಲ್ಲಿಂದ ಕಿರುಚುವುದು, ನೀನು ನ್ಯೂಜಿಲೆಂಡಿನಿಂದ "ಏನಂದೆ? ಏನಂದೆ?" ಅನ್ನುವುದು, ನಡುವೆ ಕಾಲಮ್ ಭಾವ ದುಭಾಷಿ. ಇ-ಮೇಲ್ ಹಾಕಿದರೂ ಮೊದಲು ಓದುವವರು ಭಾವನೇ. ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಅಕ್ಕತಂಗಿಯರ ಮಾತಿಗೆ ಕಾಗದವೇ ಸರಿ.

ಆರ್ವಿಡ್ ನನ್ನನ್ನು ವಿಧವೆ ಮಾಡಿ ಹೋದ ಮೇಲೆ ಅಂಗಡಿ ನಡೆಸುವುದು ಅಭ್ಯಾಸವಾಗಿದೆ. ಗುಂಡು, ಬೂಟು, ಗಾಳ, ಹೊಸ ರೈಫಲ್ಲು, ಹಳೆಯ ರೈಫಲ್ಲು, ಎಲ್ಲ ಅವನಿಟ್ಟ ಜಾಗದಲ್ಲೇ ಇವೆ. ಗಿರಾಕಿಗಳು ಈಗಲೂ ಬಂದೂಕಿನ ವಿಷಯ ಕೇಳುವಾಗ ನನ್ನ ತಲೆಯ ಮೇಲಿಂದ ಹಿಂದಿನ ಬಾಗಿಲ ಕಡೆ ನೋಡುತ್ತಾರೆ, ಅವನು ಕೈ ಒರೆಸಿಕೊಂಡು ಈಚೆ ಬರುತ್ತಾನೇನೋ ಅನ್ನುವ ಹಾಗೆ.

ಡೆಲ್ಮರ್ ಪ್ರೂಯಿಟ್ ನೆನಪಿದ್ದಾನಾ? ಶಾಲೆಯಲ್ಲಿ ನಿನಗಿಂತ ಒಂದು ತರಗತಿ ಕೆಳಗಿದ್ದ, ಹಾಡು ಹೇಳು ಅಂದರೆ ಡೆಸ್ಕಿನ ಅಡಿ ಸೇರಿಕೊಳ್ಳುತ್ತಿದ್ದನಲ್ಲ, ಅವನೇ. ಹೊಳೆಯ ಆಚೆ ದನ ಸಾಕಿಕೊಂಡಿದ್ದಾನೆ. ಅವನ ಹೆಂಡತಿ ನೋರೀನ್ ಈ ಏಪ್ರಿಲಿನಲ್ಲಿ ತೀರಿಕೊಂಡಳು. ಅಕ್ಟೋಬರಿನಲ್ಲಿ ಒಂದು ದಿನ ಅವನ ನೀಲಿ ಟ್ರಕ್ಕು ಬಂದು ನಿಂತಿತು. ಕಂಬಳಿಯಲ್ಲಿ ಸುತ್ತಿದ ಬಂದೂಕುಗಳನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದು ಮೇಜಿನ ಮೇಲೆ ಮಲಗಿಸಿದ.

"ವರ್ನಾ, ಇವನ್ನ ಸ್ವಲ್ಪ ದಿನ ನಿನ್ನತ್ರ ಇಟ್ಕೋ."

"ರಿಪೇರಿನಾ?"

"ಇಲ್ಲ. ಎಲ್ಲಾ ಸರಿಯಾಗೇ ಇವೆ. ಸರಿಯಾಗಿರೋದೇ ತೊಂದ್ರೆ."

ನಾನು ಅವನ ಮುಖ ನೋಡಿದೆ. ಗಡ್ಡ ಬೋಳಿಸಿಕೊಂಡು, ಒಗೆದ ಅಂಗಿ ತೊಟ್ಟುಕೊಂಡು ಬಂದಿದ್ದ, ಚರ್ಚಿಗೆ ಹೊರಟವನ ಹಾಗೆ.

"ಎಷ್ಟು ದಿನ?"

"ಕರು ಹಾಕೋ ಕಾಲ ಮುಗಿಯೋವರ್ಗೂ. ಮಧ್ಯ ನಾನೇ ಬಂದು ಕೇಳಿದ್ರೂ ಕೊಡಬೇಡ."

ಕಾಫಿ ಬಗ್ಗಿಸಿ ಕೊಟ್ಟೆ. ಬಂದೂಕುಗಳನ್ನು ಹಿಂದಿನ ಕೋಣೆಯಲ್ಲಿಟ್ಟು ಬೀಗ ಹಾಕಿದೆ. 'ರಿಪೇರಿ' ಅಂತ ಚೀಟಿ ಅಂಟಿಸಿದೆ. ಅವತ್ತಿನಿಂದ ಅವನು ಶನಿವಾರ ಶನಿವಾರ ಬಂದು ಕಾಫಿ ಕುಡಿದು ಹೋಗುತ್ತಾನೆ. ದನದ ಬೆಲೆ, ಮೊಣಕಾಲು ನೋವು, ರೀನೋ ಊರಿನಲ್ಲಿರುವ ಮಗಳು ಕೋರಾ, ಇಷ್ಟೇ ಮಾತು. ಆದರೆ ಮುಖಕ್ಕೆ ಸ್ವಲ್ಪ ಕಳೆ ಬಂದಿದೆ.

ಇಂಥ ಸುದ್ದಿ ಯಾರೂ ಹೇಳದೆಯೂ ಹರಡುತ್ತದೆ. ಸೈನ್ಯದಿಂದ ಬಂದ ಒಬ್ಬ ಹುಡುಗ, ಗಂಡನಿಗೆ ಕುಡಿತ ಹೆಚ್ಚಾದ ಒಬ್ಬ ಹೆಂಗಸು (ಅವನನ್ನೇ ಜೊತೆಗೆ ಕರೆದುಕೊಂಡು ಬಂದಿದ್ದಳು), ಇನ್ನೂ ಒಂದಿಬ್ಬರು ಬಂದರು. ಎಲ್ಲರೂ 'ರಿಪೇರಿ' ಅಂದರು. ನಾನೂ 'ರಿಪೇರಿ' ಅಂದೆ.

ಹೋದ ವಾರ ಡೆನ್ಮಾರ್ಕಿನಿಂದ ಸಿಗ್ನೆ ಅಂತ ಒಬ್ಬ ಪತ್ರಿಕೆಯ ಹುಡುಗಿ ಬಂದಿದ್ದಳು. ಅಮೆರಿಕದವರಿಗೆ ಬಂದೂಕೆಂದರೆ ಯಾಕಿಷ್ಟು ಪ್ರಾಣ ಅಂತ ತಿಳಿಯಲು ಊರೂರು ಸುತ್ತುತ್ತಿದ್ದಾಳಂತೆ. "ಇಷ್ಟೊಂದು ಬಂದೂಕಿನ ನಡುವೆ ಒಬ್ಬರೇ ಇರ್ತೀರಲ್ಲ, ಭಯ ಆಗಲ್ವಾ?" ಅಂದಳು. "ಬಂದೂಕಿನ ನಡುವೆ ಇರೋದಕ್ಕೆ ಭಯ ಇಲ್ಲಮ್ಮ, ಒಬ್ಬಳೇ ಇರೋದಕ್ಕೆ ಬೇಕಾದ್ರೆ ಕೇಳು" ಅಂದೆ. ನಕ್ಕಳು. ಹಕಲ್‌ಬೆರಿ ಹಣ್ಣಿನ ಪೈ ಕೊಟ್ಟೆ, ತಟ್ಟೆ ಬಳಿದು ತಿಂದಳು. ಎಷ್ಟು ಹೊತ್ತು ಕೂತಿದ್ದಳು ಗೊತ್ತಾ? ಆರ್ವಿಡ್ ಹೋದ ಮೇಲೆ ನನ್ನೆದುರು ಅಷ್ಟು ಹೊತ್ತು ಕೂತು ನನ್ನ ಮಾತು ಕೇಳಿದವರು ಯಾರೂ ಇಲ್ಲ. ಹಿಂದಿನ ಕೋಣೆಯ ವಿಷಯವೂ ಬಂತು. ಹೆಸರು ಹೇಳಲಿಲ್ಲ, ಅಷ್ಟು ಬುದ್ಧಿ ನನಗಿದೆ.

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಗಾರ್ತ್ ಟಿಂಡಾಲ್ ಮನೆಗೆ ಕರೆದಿದ್ದಾರೆ. ಆರ್ವಿಡ್ ಮತ್ತು ಅವನು ಒಂದೇ ಜೀವ ಇದ್ದ ಹಾಗಿದ್ದರಲ್ಲ, ಈಗ ಅವನೇ ಬಂದೂಕು ಕ್ಲಬ್ಬಿನ ಅಧ್ಯಕ್ಷ. ಅವನ ಹೆಂಡತಿ ಬೆವರ್ಲಿ ಟರ್ಕಿ ಕೋಳಿ ಬೇಯಿಸುತ್ತಾಳೆ, ಗೆಣಸು ಮಾಡಿ ಒಯ್ಯುವುದು ನನ್ನ ಪಾಲು.

ಭಾವನಿಗೆ ನನ್ನ ನಮಸ್ಕಾರ. ಮೊಮ್ಮಕ್ಕಳ ಕೆನ್ನೆಗೆ ನನ್ನ ಲೆಕ್ಕದಲ್ಲಿ ಒಂದೊಂದು ಮುತ್ತು.

ನಿನ್ನ ತಂಗಿ,
ವರ್ನಾ


ಡನ್‌ಮೋರ್
೨೯ ಜನವರಿ ೨೦೨೩

ಪ್ರೀತಿಯ ಅಕ್ಕ,

ಕ್ರಿಸ್‌ಮಸ್ಸಿಗೆ ನೀನು ಕಳಿಸಿದ ಉಣ್ಣೆಯ ಸಾಕ್ಸು ಹಾಕಿಕೊಂಡೇ ಬರೆಯುತ್ತಿದ್ದೇನೆ. ಅದಕ್ಕೆ ಉತ್ತರ ಬರೆಯದೆ ಇದ್ದದ್ದಕ್ಕೆ ಕ್ಷಮಿಸು. ನಿಮ್ಮಲ್ಲಿ ಬೇಸಿಗೆ, ನೀವೆಲ್ಲ ಕಡಲಿಗೆ ಹೋಗಿದ್ದ ಫೋಟೋ ನೋಡಿ ಹೊಟ್ಟೆ ಉರಿಯಿತು. ಇಲ್ಲಿ ಬೆಳಿಗ್ಗೆ ಟ್ರಕ್ಕು ಶುರು ಮಾಡುವುದೇ ಒಂದು ತಪಸ್ಸು.

ಆ ಡೆನ್ಮಾರ್ಕಿನ ಹುಡುಗಿ ಬರೆದದ್ದು ಅಚ್ಚಾಯಿತು. "ಬಂದೂಕಿನ ಊರಿನಲ್ಲೊಂದು ಅಂತಃಕರಣ" ಅಂತ ತಲೆಬರಹ. ಮೇಜಿಗೆ ಮೊಣಕೈ ಊರಿಕೊಂಡು ನಿಂತ ನನ್ನ ಫೋಟೋ. ನಾನು ಹೇಳಿದ್ದನ್ನೇ ಬರೆದಿದ್ದಾಳೆ, ಸುಳ್ಳೇನೂ ಇಲ್ಲ. ಬೇರೆ ದೇಶಗಳ ಪತ್ರಿಕೆಗಳೂ ಅದನ್ನು ಎತ್ತಿ ಹಾಕಿಕೊಂಡವು. ಜರ್ಮನಿಯಿಂದ, ನಾರ್ವೆಯಿಂದ ಹೂವಿನ ಚಿತ್ರದ ಕಾರ್ಡುಗಳು ಬಂದವು, 'ನಿಮ್ಮಂಥವರು ಒಬ್ಬರಾದರೂ ಇದ್ದಾರಲ್ಲ' ಅಂತ. ಒಬ್ಬರಾದರೂ ಅಂದರೆ ಏನು ಅಕ್ಕಾ? ಉಳಿದ ಊರೆಲ್ಲ ರಾಕ್ಷಸರೇ? ಇದೇ ಊರಿನವರು ಆರ್ವಿಡ್‌ನ ಶವಪೆಟ್ಟಿಗೆ ಹೊತ್ತವರು.

ಹೆಸರಿಲ್ಲ ಅಂದುಕೊಂಡು ನಾನು ನಿಶ್ಚಿಂತಳಾಗಿದ್ದೆ. ಆದರೆ 'ವಸಂತದಲ್ಲಿ ಹೆಂಡತಿಯನ್ನು ಕಳೆದುಕೊಂಡ, ನೀಲಿ ಟ್ರಕ್ಕಿನ, ಒಂದು ಕಾಲು ಎಳೆದು ನಡೆಯುವ ದನಗಾರ' ಅಂತ ಬರೆದಿದ್ದಾಳೆ. ಹೆಂಡತಿಯ ವಿಷಯ ನನ್ನ ಬಾಯಿಂದ ಬಂದದ್ದು, ಉಳಿದದ್ದು ಆ ಶನಿವಾರ ಅವಳ ಕಣ್ಣಿಗೇ ಬಿದ್ದದ್ದು, ಚೆನ್ನಾಗಿ ಬರೆದಿದ್ದಾಳೆ. ಡೆನ್ಮಾರ್ಕಿನಲ್ಲಿ ಅದು ಯಾರೋ ಒಬ್ಬ. ಡನ್‌ಮೋರಿನಲ್ಲಿ ಅವನು ಡೆಲ್ಮರ್.

ಮೊದಮೊದಲು ಬರೀ ಕುಚೋದ್ಯ. ಪೆಟ್ರೋಲು ಹಾಕಿಸಲು ಹೋದರೆ "ದಾರಿ ಬಿಡ್ರಪ್ಪೋ, ಡೆನ್ಮಾರ್ಕಿನ ಮಹಾರಾಣಿ ಬಂದ್ಲು" ಅನ್ನುವುದು. ನಾನೂ ಕಿರೀಟವಿಲ್ಲದ ರಾಣಿಯ ಹಾಗೆ ಕೈ ಬೀಸಿದೆ. ಆಮೇಲೆ ಕ್ಲಬ್ಬಿನ ಸಭೆಗೆ ಹೋದೆ. ಗಾರ್ತ್ ಎದ್ದು ನಿಂತ. ಅವನು ನನ್ನ ಕಡೆ ನೋಡುತ್ತಿರಲಿಲ್ಲ, ಕೈಯಲ್ಲಿದ್ದ ಟೋಪಿ ತಿರುಗಿಸುತ್ತಿದ್ದ.

"ವರ್ನಾ ನಮ್ಮೋಳು. ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಒಂದು ಕೇಳ್ತೀನಿ. ಮೆಕ್ಸಿಕೋದವ್ರು ನಮ್ಮ ಬಂದೂಕು ಮಾಡೋ ಕಂಪನಿಗಳ ಮೇಲೆ ಕೇಸ್ ಹಾಕಿದಾರೆ. ವಿಶ್ವಸಂಸ್ಥೆಯೋರು ಒಪ್ಪಂದ ಹಿಡ್ಕೊಂಡು ಬಾಗಿಲಲ್ಲೇ ನಿಂತಿದಾರೆ. ಹೆಲೆನಾ ವಿಧಾನಸಭೇಲಿ ನಮ್ಮ ಶಾಸಕರೇ ಬಿಲ್ ತರ್ತಿದಾರೆ, 'ಇವನ ತಲೆ ಸರಿ ಇಲ್ಲ' ಅಂತ ಯಾರಾದ್ರೂ ಕೋರ್ಟಿಗೆ ಹೋಗಿ ಹೇಳಿದ್ರೆ ಸಾಕು, ಪೊಲೀಸ್ನೋರು ಬಂದು ಮನೇಲಿರೋ ಬಂದೂಕೆಲ್ಲ ಎತ್ಕೊಂಡು ಹೋಗೋ ಬಿಲ್ಲು. ಇಂಥಾ ಹೊತ್ತಲ್ಲಿ ನಾವು ಚಿಲಕ ಹಾಕ್ಕೋಬೇಕೋ, ಇಲ್ಲಾ ಪರದೇಶದೋರ್ನ ಕರೆದು ಕೂರ್ಸಿ ಪೈ ತಿನ್ನಿಸ್ಬೇಕೋ?"

ಎಲ್ಲರೂ ನಕ್ಕರು. ನನಗೂ ನಗು ಬಂತು, ಅವನು ಹೇಳುವ ರೀತಿ ಹಾಗಿತ್ತು.

"ಪೈ ತಿಂದ್ರೆ ದೇಶ ಮುಳುಗಲ್ಲ ಗಾರ್ತ್" ಅಂದೆ.

"ನಿಮ್ಮಕ್ಕನ ದೇಶ ಮುಳುಗ್ತಲ್ಲ? ಒಂದು ಊರಲ್ಲಿ ಒಬ್ಬ ಹುಚ್ಚ ಮಸೀದಿಗೆ ನುಗ್ಗಿ ಗುಂಡು ಹಾರಿಸಿದ್ದಕ್ಕೆ ಇಡೀ ದೇಶದೋರು ಸಾಲಲ್ಲಿ ನಿಂತು ಬಂದೂಕು ಒಪ್ಪಿಸಿದ್ರು. ನಿಮ್ಮ ಭಾವನೂ ಒಪ್ಪಿಸಿದ್ರು. ನೀನೇ ಹೇಳಿದ್ದೆ."

"ಭಾವ ಒಪ್ಪಿಸಿದ್ದು ಸರ್ಕಾರಕ್ಕೆ, ಕಾನೂನು ಬಂತು ಅಂತ. ನನ್ನ ಹತ್ರ ಬಂದೋರು ತಂದುಕೊಟ್ಟಿದ್ದು ವರ್ನಾಗೆ, ತಾವಾಗೇ. ಎರಡೂ ಒಂದೇನಾ?"

ಅವನು ಮೊದಲ ಸಲ ನನ್ನ ಮುಖ ನೋಡಿದ. "ನಮಗೆ ಗೊತ್ತು ಒಂದಲ್ಲ ಅಂತ. ಹೊರಗಿನೋರಿಗೆ ಗೊತ್ತಾಗುತ್ತಾ? ನಾಳೆ ಅವರು ನಿನ್ನ ಫೋಟೋ ತೋರ್ಸಿ, 'ನೋಡಿ, ಬಂದೂಕು ಮಾರೋಳೇ ಒಪ್ಕೊಂಡ್ಳು' ಅಂತಾರೆ."

ಅವನು ಹೇಳಿದ ಹಾಗೇ ಆಯಿತು ಅಕ್ಕಾ, ಸುಳ್ಳು ಹೇಳುವುದೇಕೆ. ಆ ಬಿಲ್ಲಿನ ಪರವಾಗಿ ಓಡಾಡುವ ಪ್ಯಾಟ್ರಿಸ್ ಅನ್ನುವ ಹೆಂಗಸು ಹೆಲೆನಾದಿಂದ ಫೋನು ಮಾಡಿ ಸಾಕ್ಷಿ ಹೇಳಲು ಕರೆದಳು. "ನನ್ನ ಹತ್ರ ಬರೋರು ತಮ್ಮ ಕಾಲಲ್ಲಿ ಬರ್ತಾರೆ. ಪೊಲೀಸು ಕೋರ್ಟು ಅಂತ ಹೆಸರು ಬಂದ್ರೆ ಒಬ್ಬನೂ ಬರಲ್ಲ" ಅಂತ ಹೇಳಿ ಇಟ್ಟುಬಿಟ್ಟೆ.

ಆಮೇಲೆ ಬಂದೂಕಿನ ವ್ಯಾಪಾರ ನೋಡಿಕೊಳ್ಳುವ ಫೆಡರಲ್ ಸರ್ಕಾರದ ಇಲಾಖೆಯಿಂದ ಒಬ್ಬ ಅಧಿಕಾರಿ ಬಂದ. ಮರ್ಯಾದಸ್ಥ. ಬೂಟಿನ ಹಿಮ ಹೊರಗೇ ಕೊಡವಿ ಬಂದ. "ಅಮ್ಮಾ, ರಿಪೇರಿಗೆ ಬಂದ ಬಂದೂಕು ಯಜಮಾನನಿಗೆ ವಾಪಸ್ ಕೊಡೋದಕ್ಕೆ ಫಾರಂ ಬೇಡ. ಆದ್ರೆ ಇವು ರಿಪೇರಿಗೆ ಬಂದಿದ್ದಲ್ಲ ಅಂತ ಪತ್ರಿಕೇಲಿ ನೀವೇ ಹೇಳಿದೀರ. ಬರೀ ಇಟ್ಟುಕೊಳ್ಳೋದಾದ್ರೆ, ವಾಪಸ್ ಕೊಡೋವಾಗ ಹೊಸದಾಗಿ ಮಾರಿದ ಹಾಗೇ ಲೆಕ್ಕ. ಫಾರಂ ತುಂಬಿಸಬೇಕು, ಹಿನ್ನೆಲೆ ವಿಚಾರಿಸಬೇಕು." ನಿಯಮ ಅವನು ಮಾಡಿದ್ದಲ್ಲ. ಇನ್ನು ಮುಂದೆ ಹಾಗೆ ಮಾಡಿ ಅಂತ ಹೇಳಿ, ಕಾಫಿ ಬೇಡ ಅಂದು ಹೋದ.

ಬೇಕಾಗಿದ್ದದ್ದು ಅಷ್ಟೇ. ವರ್ನಾ ಹತ್ತಿರ ಇಟ್ಟರೆ ಹೆಸರು ವಾಷಿಂಗ್ಟನ್ನಿಗೆ ಹೋಗುತ್ತಂತೆ, ಹುಚ್ಚರ ಪಟ್ಟಿ ಮಾಡುತ್ತಿದ್ದಾರಂತೆ. ಒಬ್ಬೊಬ್ಬರಾಗಿ ಬಂದರು. ಆ ಸೈನ್ಯದ ಹುಡುಗ ಕಣ್ಣೆತ್ತದೆ "ರಿಪೇರಿ ಆಯ್ತಾ ಮೇಡಂ?" ಅಂದ. ಆಯಿತಪ್ಪ ಅಂದೆ. ಹಿಂದಿನ ಕೋಣೆ ಖಾಲಿಯಾಗುತ್ತ ಬಂತು.

ಕೊನೆಗೆ ಡೆಲ್ಮರ್. ಶನಿವಾರವಲ್ಲದ ದಿನ ಬಂದದ್ದು ನೋಡಿಯೇ ನನಗೆ ಗೊತ್ತಾಯಿತು. ಬಾಗಿಲ ಹತ್ತಿರವೇ ನಿಂತ.

"ಕೊಟ್ಬಿಡು ವರ್ನಾ."

"ಕೇಳಿದ್ರೂ ಕೊಡಬೇಡ ಅಂದಿದ್ದೆ."

"ಅಂದಿದ್ದೆ. ಈಗ ಕೊಡು ಅಂತಿದೀನಿ."

"ಕರು ಹಾಕೋದು ಈಗ ಶುರುವಾಗ್ತಿದೆ. ಮುಗೀಲಿ."

"ಹುಲ್ಲಿನ ಅಂಗಡೀಲಿ ಹುಡುಗರು ಏನಂತಾರೆ ಗೊತ್ತಾ? ಹಗ್ಗ ಕೇಳಿದ್ರೆ, 'ಡೆಲ್ಮರ್, ನಿಂಗೆ ಹಗ್ಗ ಕೊಡಬಹುದಾ, ವರ್ನಾನ ಕೇಳಿ ಬರ್ಲಾ?' ಅಂತಾರೆ." ಅವನಿಗೆ ಸಿಟ್ಟಿರಲಿಲ್ಲ ಅಕ್ಕಾ. ನಗಲು ನೋಡಿದ, ಅದೇ ನೋಡಲಾಗಲಿಲ್ಲ. "ನಲವತ್ತು ವರ್ಷ ಆ ಅಂಗಡಿಗೆ ಹೋಗಿದೀನಿ. ನನ್ನ ಬಂದೂಕು ನನ್ನ ಮನೇಲಿದ್ರೆ ಅವರ ಬಾಯಿ ಮುಚ್ಚುತ್ತೆ. ನನಗೀಗ ಪರವಾಗಿಲ್ಲ. ನಿಜವಾಗ್ಲೂ ಪರವಾಗಿಲ್ಲ."

ಬೀಗದ ಕೈ ಸಿಗುತ್ತಿಲ್ಲ ಅಂದೆ. ನಾಳೆ ಬಾ ಅಂದೆ. ಅವನು ಹೋದ ಮೇಲೆ ಶೆರಿಫ್ ಕಚೇರಿಗೆ ಹೋದೆ. ಅಲ್ಲಿದ್ದವನು ಒಳ್ಳೆಯವನೇ. "ಅವನು ಯಾರಿಗಾದ್ರೂ ಹೊಡೆದ್ನಾ? ಸಾಯ್ತೀನಿ ಅಂದ್ನಾ? ಇಲ್ವಲ್ಲ. ಅವನ ಸೊತ್ತು ಕೊಡಲ್ಲ ಅನ್ನೋದಕ್ಕೆ ನಿಮಗೆ ಹಕ್ಕಿಲ್ಲ, ತಡೆಯೋದಕ್ಕೆ ನನಗೂ ಇಲ್ಲ. ಅದಕ್ಕೇ ತಾನೇ ಹೆಲೆನಾದಲ್ಲಿ ಜಗಳ ಆಡ್ತಿರೋದು" ಅಂದ. ಕೋರಾಗೆ ಫೋನು ಮಾಡಿದೆ. ಏಪ್ರಿಲಿನಲ್ಲಿ, ಈಸ್ಟರಿಗೆ ಬರುತ್ತೇನೆ ಅಂದಳು.

ಮಾರನೆಯ ದಿನ ಅವನು ಫಾರಂ ತುಂಬಿದ. ಅಕ್ಷರ ಎಷ್ಟು ದುಂಡಗೆ ಬರೆಯುತ್ತಾನೆ. ನಾನು ಕೊಟ್ಟೆ. ಅದೇ ಕಂಬಳಿಯಲ್ಲಿ ಸುತ್ತಿದ. "ಶನಿವಾರ ಕಾಫಿಗೆ ಬರ್ತೀನಿ" ಅಂದ.

ನಿನ್ನೆ ಶನಿವಾರ. ಬರಲಿಲ್ಲ. ಕರು ಹಾಕುವ ಕಾಲ, ಕೆಲಸ ಇರುತ್ತದೆ.

ಭಾವ ತಮ್ಮ ಬಂದೂಕು ಒಪ್ಪಿಸಿ ಬಂದ ದಿನ ಕತ್ತಲಾಗುವವರೆಗೆ ಕುರಿಯ ಕೊಟ್ಟಿಗೆಯಲ್ಲೇ ಕೂತಿದ್ದರು ಅಂತ ಹಿಂದೆ ಬರೆದಿದ್ದೆಯಲ್ಲ. ಆಗ ನೀನು ಹೋಗಿ ಪಕ್ಕದಲ್ಲಿ ಕೂತೆಯಾ, ಅಥವಾ ಅವರನ್ನು ಅವರ ಪಾಡಿಗೆ ಬಿಟ್ಟೆಯಾ? ಯಾವುದು ಸರಿ ಅಂತ ತಿಳಿಯಬೇಕಿತ್ತು.

ದೇವರು ನಿಮ್ಮ ಮನೆಯ ಮೇಲೆ ಕಣ್ಣಿಟ್ಟಿರಲಿ.

ವರ್ನಾ


ಡನ್‌ಮೋರ್
೧೬ ಫೆಬ್ರವರಿ ೨೦೨೩

ಅಕ್ಕಾ,

ಡೆಲ್ಮರ್ ಹೋಗಿಬಿಟ್ಟ. ಸೋಮವಾರ ಬೆಳಿಗ್ಗೆ. ದನಗಳಿಗೆಲ್ಲ ಹುಲ್ಲು ಹಾಕಿ, ನೀರಿನ ತೊಟ್ಟಿಯ ಮೇಲಿನ ಮಂಜುಗಡ್ಡೆ ಒಡೆದು, ಹುಟ್ಟಿದ ಕರುವೊಂದನ್ನು ಅಡುಗೆಮನೆಯಲ್ಲಿ ಒಲೆಯ ಪಕ್ಕ ಮಲಗಿಸಿ, ಆಮೇಲೆ. ಆ ಕರು ಬದುಕಿದೆ. ನೆರೆಯವರು ಒಯ್ದರು.

ಕೋರಾ ಬಂದಿದ್ದಾಳೆ. ಚರ್ಚಿನಲ್ಲಿ ಕೂರಲು ಜಾಗವಿರಲಿಲ್ಲ, ಹುಲ್ಲಿನ ಅಂಗಡಿಯ ಹುಡುಗರೂ ಬಂದಿದ್ದರು, ಅಳುತ್ತಿದ್ದರು. ನಾನು ಕೂತ ಬೆಂಚಿನಲ್ಲಿ ಮಾತ್ರ ನನ್ನ ಎರಡೂ ಕಡೆ ಜಾಗ ಇತ್ತು.

ಹೆಚ್ಚು ಬರೆಯಲಾರೆ.

ವರ್ನಾ


ಡನ್‌ಮೋರ್
೨೩ ಏಪ್ರಿಲ್ ೨೦೨೩

ನನ್ನ ಪ್ರೀತಿಯ ಅಕ್ಕ,

ನಿನ್ನ ಮೂರು ಕಾಗದಗಳೂ ಬಂದಿವೆ. ಮೂರನ್ನೂ ಓದಿದ್ದೇನೆ, ಮತ್ತೆ ಮತ್ತೆ ಓದಿದ್ದೇನೆ. ಉತ್ತರ ಬರೆಯದಿದ್ದದ್ದಕ್ಕೆ ನೆಪ ಹುಡುಕಿದೆ, ಒಂದೂ ಸಿಗಲಿಲ್ಲ. ಪೆನ್ನು ಹಿಡಿದರೆ ಕೈ ಮರಗಟ್ಟಿದ ಹಾಗಾಗುತ್ತಿತ್ತು, ಅಷ್ಟೇ. ಪುಟ್ಟ ಫ್ರೇಯಾಳ ಕೈ ಮುರಿದದ್ದು ಕೂಡಿಕೊಂಡಿತೇ? ಭಾವನ ಕೆಮ್ಮು?

ಮಾರ್ಚಿನಲ್ಲಿ ಹೆಲೆನಾಗೆ ಹೋಗಿದ್ದೆ. ಆ ಬಿಲ್ಲಿನ ವಿಚಾರಣೆಗೆ. ಎರಡೂ ಕಡೆಯವರು ಕರೆದಿದ್ದರು. ಪ್ಯಾಟ್ರಿಸ್ ಫೋನಿನಲ್ಲಿ ಅತ್ತುಕೊಂಡೇ ಹೇಳಿದಳು: "ಈ ಕಾನೂನು ಇದ್ದಿದ್ರೆ ನಿಮ್ಮ ಸ್ನೇಹಿತರು ಬದುಕಿರ್ತಿದ್ರು. ನೀವು ಅಷ್ಟು ಹೇಳಿದ್ರೆ ಸಾಕು." ಗಾರ್ತ್ ತಾನು ಬರಲಿಲ್ಲ, ಕ್ಲಬ್ಬಿನ ಇನ್ನೊಬ್ಬನನ್ನು ಕಳಿಸಿದ. ಅವನು ಹೇಳಿದ್ದು: "ಆ ಪರದೇಶದವಳು ಬರೀದೇ ಇದ್ದಿದ್ರೆ ಡೆಲ್ಮರ್ ಬಂದೂಕು ಇನ್ನೂ ನಿನ್ನ ಕೋಣೇಲೇ ಇರ್ತಿದ್ವು. ಹೊರಗಿನೋರು ಮೂಗು ತೂರಿಸಿದ್ರೆ ಏನಾಗುತ್ತೆ ಅಂತ ನೀನೇ ಹೇಳು ಬಾ."

ಇಬ್ಬರು ಹೇಳಿದ್ದೂ ನಿಜ. ಅದೇ ನನ್ನ ಗಂಟಲಿನ ಮುಳ್ಳು.

ಅಲ್ಲಿ ಕ್ರಮ ಹೇಗೆಂದರೆ, ಮೊದಲು ಬಿಲ್ಲಿನ ಪರ ಇರುವವರು ಮಾತಾಡಬೇಕು, ಆಮೇಲೆ ವಿರೋಧ ಇರುವವರು. ಯಾವ ಕಡೆ ಅಂತ ಬಾಗಿಲಲ್ಲಿ ಕೇಳಿದರು. ನನಗೆ ಗೊತ್ತಿಲ್ಲ ಅಂದೆ. ಆ ಹುಡುಗಿ ಪಾಪ ತಲೆ ಕೆರೆದುಕೊಂಡು, "ಹಾಗಾದ್ರೆ ಬರೀ ಮಾಹಿತಿ ಕೊಡೋರು ಅಂತ ಬರ್ಕೊಳ್ತೀನಿ, ಅವರು ಕೊನೇಲಿ" ಅಂದಳು. ಒಂದು ಕಡೆ ಕಿತ್ತಳೆ ಬಣ್ಣದ ಬೇಟೆ ಟೋಪಿಯವರು, ಇನ್ನೊಂದು ಕಡೆ ಸತ್ತ ಮಕ್ಕಳ ಫೋಟೋ ಹಿಡಿದ ತಾಯಂದಿರು. ನಾನು ಹಿಂದೆ, ಕೋಟು ನೇತುಹಾಕುವ ಗೂಟಗಳ ಹತ್ತಿರ.

ಎರಡೂ ಕಡೆಯವರು ಡೆಲ್ಮರ್ ಹೆಸರು ಹೇಳಿದರು. ಅವನನ್ನು ಕಂಡೇ ಇಲ್ಲದವರು. ಒಬ್ಬ ಅವನನ್ನು "ಸ್ವಾತಂತ್ರ್ಯಪ್ರಿಯ ದನಗಾರ" ಅಂದ, ಇನ್ನೊಬ್ಬಳು "ವ್ಯವಸ್ಥೆಯ ಬಲಿಪಶು" ಅಂದಳು. ಹಾಡು ಹೇಳು ಅಂದರೆ ಡೆಸ್ಕಿನಡಿ ಕೂತವನ ಹೆಸರನ್ನು ಮೈಕಿನಲ್ಲಿ ಅಷ್ಟು ಸಲ ಕೇಳಿ ನನಗೆ ಅವನ ಬದಲು ನಾಚಿಕೆಯಾಯಿತು.

ನನ್ನ ಸರದಿ ಬರುವಷ್ಟರಲ್ಲಿ ಊಟದ ಹೊತ್ತು. ಅರ್ಧ ಜನ ಎದ್ದು ಹೋಗಿದ್ದರು. ನಾನು ಹೇಳಿದೆ, "ಅವನು ತಾನಾಗೇ ಬಂದ. ಯಾರೂ ಕರೆದಿರಲಿಲ್ಲ, ಯಾರೂ ಹೆದರಿಸಿರಲಿಲ್ಲ. ಕೋರ್ಟು ಕಳಿಸಿದ್ರೆ ಬರ್ತಿರಲಿಲ್ಲ. ಅಷ್ಟು ಮಟ್ಟಿಗೆ ಈ ಟೋಪಿಯವರು ಹೇಳೋದು ಸರಿ. ಆದ್ರೆ ಅವನು ವಾಪಸ್ ಕೇಳಿದಾಗ, ಕೊಡಲ್ಲ ಅನ್ನೋದಕ್ಕೆ ನನ್ನ ಬೆನ್ನಿಗೆ ಏನಾದ್ರೂ ಇರಬೇಕಿತ್ತು. ಒಂದು ತಿಂಗಳಿಗೆ ಸಾಕಿತ್ತು. ಅಷ್ಟು ಮಟ್ಟಿಗೆ ಈ ತಾಯಂದಿರು ಹೇಳೋದು ಸರಿ. ನಿಮ್ಮ ಬಿಲ್ಲಲ್ಲಿ ಇವೆರಡೂ ಒಟ್ಟಿಗೆ ಬರೆಯೋಕಾಗುತ್ತಾ ಅಂತ ಕೇಳೋಕೆ ಬಂದೆ."

ಸಮಿತಿಯ ಅಧ್ಯಕ್ಷರು ಕನ್ನಡಕ ತೆಗೆದರು. "ಮೇಡಂ, ಹಾಗಾದ್ರೆ ನೀವು ಇದು ಪಾಸಾಗಲಿ ಅಂತೀರೋ, ಬೇಡ ಅಂತೀರೋ?"

"ನನ್ನ ಹಿಂದಿನ ಕೋಣೆ ಖಾಲಿ ಇದೆ ಅಂತೀನಿ" ಅಂದೆ. ಅವರು ಧನ್ಯವಾದ ಹೇಳಿದರು.

ಹೊರಗೆ ಎರಡು ಬಸ್ಸು ನಿಂತಿದ್ದವು, ಅವರದೊಂದು, ಇವರದೊಂದು. ಎರಡರಿಂದಲೂ ಸ್ಯಾಂಡ್‌ವಿಚ್ಚಿನ ವಾಸನೆ, ನಗು. ಪ್ಯಾಟ್ರಿಸ್ ನನ್ನ ಕೈ ಒತ್ತಿ ತನ್ನ ಬಸ್ಸು ಹತ್ತಿದಳು. ಕ್ಲಬ್ಬಿನವನು ಬೇರೆ ಕಡೆ ನೋಡಿದ. ನಾನು ನನ್ನ ಟ್ರಕ್ಕಿನಲ್ಲಿ ಒಬ್ಬಳೇ ವಾಪಸ್ಸು ಬಂದೆ, ದಾರಿಯುದ್ದಕ್ಕೂ ಗಾಳಿ. ಬಿಲ್ಲು ಸಮಿತಿಯಲ್ಲೇ ಸತ್ತಿತು. ಊರಿನಲ್ಲಿ ಪಟಾಕಿ ಹೊಡೆದರು.

ಸಿಗ್ನೆಗೆ ವಿಷಯ ಹೇಗೋ ತಿಳಿದು ಕಾಗದ ಬರೆದಿದ್ದಳು. ತಪ್ಪು ತನ್ನದೇ ಅಂತ ಪುಟಗಟ್ಟಲೆ. ಆ ಮಗುವಿಗೆ ನಾನು ಬರೆದೆ: 'ನೀನು ಕಂಡದ್ದನ್ನು ಬರೆದೆ, ಹುಡುಗರು ತಮಾಷೆ ಅಂದುಕೊಂಡು ಆಡಿದರು, ಅಧಿಕಾರಿ ನಿಯಮ ಹೇಳಿದ, ನಾನು ಬೀಗ ತೆಗೆದೆ. ಯಾರೂ ಕೆಟ್ಟದ್ದು ಮಾಡಬೇಕು ಅಂತ ಮಾಡಲಿಲ್ಲ' ಅಂತ. ಅವಳಿಗೆ ಸಮಾಧಾನವಾಯಿತಂತೆ. ಬೇರೆಯವರಿಗೆ ಹೇಳುವ ಮಾತು ಎಷ್ಟು ಸುಲಭವಾಗಿ ಬರುತ್ತದೆ.

ಈಗ ನಿನಗೆ ಹೇಳಬೇಕಾದ ಸುದ್ದಿ: ಅಂಗಡಿ ಮುಚ್ಚಿದೆ. ಯಾರೂ ಬಹಿಷ್ಕಾರ ಹಾಕಲಿಲ್ಲ, ಕಲ್ಲು ಹೊಡೆಯಲಿಲ್ಲ. ಬರುವುದು ನಿಲ್ಲಿಸಿದರು, ಅಷ್ಟೇ. ಎದುರಿಗೆ ಸಿಕ್ಕರೆ ಟೋಪಿ ಮುಟ್ಟಿ ನಮಸ್ಕಾರ ಹೇಳುತ್ತಾರೆ, ಗುಂಡು ಮಾತ್ರ ಪಕ್ಕದ ಊರಿನಿಂದ ತರುತ್ತಾರೆ. ಒಂದು ಇಡೀ ವಾರ ನನ್ನ ಗಂಟೆ ಕಟ್ಟಿದ ಬಾಗಿಲು ತೆರೆದವನು ಅಂಚೆಯವನೊಬ್ಬನೇ. ಬಿಲಿಂಗ್ಸ್ ಪಟ್ಟಣದ ವ್ಯಾಪಾರಿಯೊಬ್ಬ ಬಂದು ಸರಕೆಲ್ಲ ಲಾರಿಗೆ ತುಂಬಿಕೊಂಡು ಹೋದ. ಖಾಲಿ ಗೋಡೆಯಲ್ಲಿ ಬಂದೂಕು ತೂಗುಹಾಕಿದ್ದ ಕಡೆ ಮಾತ್ರ ಮರದ ಬಣ್ಣ ಹೊಸದಾಗಿದೆ.

ನೀನು ಮೂರು ಕಾಗದದಲ್ಲೂ 'ಬಂದುಬಿಡು' ಅಂತ ಬರೆದಿದ್ದೀಯ. ಬರುತ್ತೇನೆ, ನೋಡಿಕೊಂಡು ಹೋಗಲು ಬರುತ್ತೇನೆ. ಇರಲು ಬರಲಾರೆ ಅಕ್ಕಾ. ಅಲ್ಲಿಗೆ ಬಂದರೆ ಊರಿನವರು, ನೋಡಿದಿರಾ, ಬಂದೂಕು ಕಿತ್ತುಕೊಂಡ ದೇಶಕ್ಕೇ ಹೋದಳು ಅನ್ನುತ್ತಾರೆ. ನಗಬೇಡ. ಈಗಲೂ ಈ ಊರಿನವರು ಏನನ್ನುತ್ತಾರೆ ಅನ್ನುವುದು ನನಗೆ ಬೇಕು. ಅವರ ಮೇಲೆ ನನಗೆ ಸಿಟ್ಟು ಬಂದಿದ್ದರೆ ಎಷ್ಟು ಚೆನ್ನಾಗಿತ್ತು. ಬರುವುದಿಲ್ಲ. ನಾನೂ ಅವರ ಹಾಗೇ ಯೋಚಿಸುವವಳು, ಅವರ ಹಾಗೇ ಬೆಳೆದವಳು. ನನ್ನ ಮನೆಯ ಬಂದೂಕನ್ನು ಯಾರಾದರೂ ಕಸಿಯಲು ಬಂದರೆ ನಾನೂ ಬಾಗಿಲಲ್ಲಿ ನಿಲ್ಲುವವಳೇ.

ಹಿಮ ಕರಗುತ್ತಿದೆ. ಹೊಳೆ ಕೆಂಪಗೆ ಹರಿಯುತ್ತಿದೆ. ಭಾವನ ಎದೆಗೆ ಬೆಚ್ಚಗೆ ಹೊದಿಸು, ನಿಮ್ಮ ಚಳಿಗಾಲ ಇನ್ನು ಶುರುವಲ್ಲವೇ. ಫ್ರೇಯಾಳಿಗೆ, ಅವಳ ತಮ್ಮನಿಗೆ, ನಿನ್ನ ಮನೆಯ ಕುರಿನಾಯಿಗೂ ಒಳ್ಳೆಯದಾಗಲಿ. ನೀವೆಲ್ಲ ಒಂದೇ ಮೇಜಿನ ಸುತ್ತ ಕೂತು ಉಣ್ಣುವ ದಿನಗಳು ಬಹಳ ಇರಲಿ.

ಎಂದೆಂದೂ ನಿನ್ನ ತಂಗಿ,
ವರ್ನಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಇದನ್ನು ಭಾವನಿಗೆ ಓದಿ ಹೇಳಬೇಡ.

ಅಂಗಡಿಯ ಸರಕು ಹೋದ ಮೇಲೆ ಮನೆಯಲ್ಲಿ ಉಳಿದದ್ದು ಆರ್ವಿಡ್‌ನ ರೈಫಲ್ಲು, ನಮ್ಮಪ್ಪನ ಜೋಡಿನಳಿಗೆ ಬಂದೂಕು, ನನ್ನ ಪಿಸ್ತೂಲು. ಹೋದ ವಾರ ಒಂದು ಬೆಳಿಗ್ಗೆ ಎದ್ದು ಪಾತ್ರೆ ತೊಳೆದೆ, ಹಾಸಿಗೆ ಮಡಿಸಿದೆ, ಕೋಳಿಗೆ ಕಾಳು ಹಾಕಿದೆ, ಒಲೆ ಆರಿಸಿದೆ. ಆಮೇಲೆ ಅಡುಗೆಮನೆಯ ನಡುವೆ ನಿಂತು, ಇವನ್ನೆಲ್ಲ ಯಾಕೆ ಇಷ್ಟು ಅಚ್ಚುಕಟ್ಟಾಗಿ ಮಾಡುತ್ತಿದ್ದೇನೆ ಅಂತ ಯೋಚಿಸಿದೆ. ಡೆಲ್ಮರ್ ಕೊನೆಯ ಬೆಳಿಗ್ಗೆ ದನಗಳಿಗೆ ಹುಲ್ಲು ಹಾಕಿದ್ದು ನೆನಪಾಯಿತು, ಯಾಕೆ ಅಂತ ತಿಳಿಯಿತು.

ಮೂರನ್ನೂ ಟ್ರಕ್ಕಿನಲ್ಲಿಟ್ಟುಕೊಂಡು ಹೊರಟೆ. ಎಲ್ಲಿಗೆ ಅಂತ ಗೊತ್ತಿರಲಿಲ್ಲ, ಡನ್‌ಮೋರಿನಲ್ಲಿ ಬಂದೂಕು ಇಟ್ಟುಕೊಳ್ಳುವ ಅಂಗಡಿ ಇನ್ನೊಂದಿಲ್ಲವಲ್ಲ. ಗಾರ್ತ್ ಮನೆಯ ಮುಂದೆ ನಿಲ್ಲಿಸಿದೆ. ಜನವರಿಯ ಸಭೆಯಾದ ಮೇಲೆ ನಾವಿಬ್ಬರೂ ಮಾತಾಡಿರಲಿಲ್ಲ. ಬಾಗಿಲು ತೆಗೆದವನು ನನ್ನ ಕೈಯಲ್ಲಿದ್ದದ್ದನ್ನೂ ನನ್ನ ಮುಖವನ್ನೂ ನೋಡಿದ.

"ರಿಪೇರಿಗೆ" ಅಂದೆ.

ಅವನಿಗೆ ರಿಪೇರಿ ಗೊತ್ತಿಲ್ಲ ಅಕ್ಕಾ. ಮೊಳೆ ಹೊಡೆಯಲೂ ಬಾರದು. ಮೂರನ್ನೂ ನನ್ನ ಕೈಯಿಂದ ಇಸಿದುಕೊಂಡು ಒಳಗೆ ಹೋದ. ಕಬ್ಬಿಣದ ಬೀರು ಮುಚ್ಚಿದ ಸದ್ದು ಕೇಳಿಸಿತು. ವಾಪಸ್ಸು ಬಂದು ಮೆಟ್ಟಿಲ ಮೇಲೆ ಕೂತ. ನಾನೂ ಕೂತೆ. ಅವನು ಹೊಲದ ಕಡೆ ನೋಡುತ್ತ ಹೇಳಿದ:

"ಟೈಮ್ ಹಿಡಿಯುತ್ತೆ. ನನ್ನ ಕೆಲಸ ನಿಧಾನ. ಬುಧವಾರ ಬುಧವಾರ ಬೆವರ್ಲಿ ಸೂಪ್ ಮಾಡ್ತಾಳೆ. ಎಲ್ಲಿವರೆಗೂ ಬಂತು ಅಂತ ನೀನೇ ಬಂದು ನೋಡ್ಕೊಂಡು ಹೋಗ್ತಿರು."

ಒಂದು ಬುಧವಾರ ಆಗಲೇ ಕಳೆಯಿತು. ಕೋಟು ಹಾಕಿಕೊಂಡು ಟ್ರಕ್ಕಿನವರೆಗೂ ಹೋಗಿ, ಕೂತು, ಒಳಗೆ ಬಂದುಬಿಟ್ಟೆ. ಈ ಬುಧವಾರ ಹೋಗುತ್ತೇನೆ. ಹೋಗು ಅಂತ ನೀನೂ ಅಲ್ಲಿಂದ ಒಂದು ಸಲ ಹೇಳು. ಗಟ್ಟಿಯಾಗಿ ಹೇಳು.